ನಾಲ್ಕೂ ಚಕ್ರ ನೆಲದಲ್ಲಿರಲಿ: ರೇಂಜ್ ರೋವರ್ ಹಿಂದಿನ ಭೌತಶಾಸ್ತ್ರ

ಘರ್ಷಣೆಯ ಪಾಠ ಮಾಡುವಾಗ ಗಾಡಿಯ ಮಾತು ಬಂದರೆ ಸಾಕು, ಹಿಂದಿನ ಬೆಂಚಿನ ಹುಡುಗರೂ ಕಿವಿ ನೆಟ್ಟಗೆ ಮಾಡುತ್ತಾರೆ. "ಫೋರ್ ವೀಲ್ ಡ್ರೈವ್ ಅಂದ್ರೆ ಎಂತ ಸರ್? ನಾಲ್ಕು ಚಕ್ರ ಎಲ್ಲ ಕಾರಿಗೂ ಉಂಟಲ್ಲ?" ಎಂಬ ಪ್ರಶ್ನೆ ನಿಮ್ಮ ತರಗತಿಯಲ್ಲೂ ಬಂದಿರಬಹುದು. ಪ್ರಶ್ನೆ ಚಿಕ್ಕದು, ಆದರೆ ಉತ್ತರದೊಳಗೆ ಹುಕ್‌ನ ನಿಯಮ, ಘರ್ಷಣೆ, ಟಾರ್ಕ್, ಸಾಂದ್ರತೆ, ಚಲನಶಕ್ತಿ ಎಲ್ಲವೂ ಸೇರಿಕೊಂಡಿವೆ. ಅದನ್ನು ವಿವರಿಸಲು ಒಳ್ಳೆಯ ಉದಾಹರಣೆ 1970ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ರೇಂಜ್ ರೋವರ್. ಇವತ್ತು ಅದರ ಹೆಸರು ಕೇಳಿದರೆ ನೆನಪಾಗುವುದು ಚರ್ಮದ ಸೀಟು ಮತ್ತು ಅದರ ಬೆಲೆ. ಆದರೆ ಅದನ್ನು ರೂಪಿಸಿದ ಎಂಜಿನಿಯರುಗಳ ತಲೆಯಲ್ಲಿದ್ದ ಪ್ರಶ್ನೆ ಬೇರೆಯೇ: ತಗ್ಗುದಿಣ್ಣೆಯ ನೆಲದಲ್ಲಿ ನಾಲ್ಕೂ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದು ಹೇಗೆ?

ಅಲುಗಾಡುವ ಬೆಂಚು

ಮೊದಲು ತರಗತಿಯಲ್ಲಿ ಅಲುಗಾಡುವ ಬೆಂಚೊಂದನ್ನು ಹುಡುಕಿ. ಹುಡುಕುವುದು ಕಷ್ಟವಾಗಲಿಕ್ಕಿಲ್ಲ! ಅದರ ನಾಲ್ಕು ಕಾಲುಗಳ ಅಡಿಗೂ ಒಂದೊಂದು ಕಾಗದದ ಚೂರು ಸೇರಿಸಿ, ಮಕ್ಕಳಿಗೆ ಎಳೆಯಲು ಹೇಳಿ. ಮೂರು ಕಾಗದ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತವೆ, ನಾಲ್ಕನೆಯದು ಸಲೀಸಾಗಿ ಹೊರಬರುತ್ತದೆ. ಮೂರು ಬಿಂದುಗಳು ಸೇರಿದರೆ ಒಂದು ಸಮತಲ ಆಗಿಯೇ ಆಗುತ್ತದೆ. ನಾಲ್ಕನೆಯ ಬಿಂದು ಅದೇ ಸಮತಲದಲ್ಲಿ ಇರಬೇಕೆಂದಿಲ್ಲ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಅಲುಗಾಡದಿರುವುದು ಇದಕ್ಕೇ.

ಆ ನಾಲ್ಕನೆಯ ಕಾಲು ಕಾಗದವನ್ನು ಯಾಕೆ ಹಿಡಿದುಕೊಳ್ಳಲಿಲ್ಲ? ಘರ್ಷಣೆಯ ಬಲವು ಎರಡು ಮೈಗಳು ಎಷ್ಟು ಬಲದಿಂದ ಒತ್ತಿಕೊಂಡಿವೆ ಎಂಬುದನ್ನು ಅವಲಂಬಿಸಿದೆ. ಒತ್ತು ಸೊನ್ನೆಯಾದರೆ ಘರ್ಷಣೆಯೂ ಸೊನ್ನೆ. ಕಾಲಿನ ಜಾಗದಲ್ಲಿ ಚಕ್ರವನ್ನು ಊಹಿಸಿಕೊಳ್ಳಿ. ನೆಲ ಬಿಟ್ಟು ಮೇಲೆದ್ದ ಚಕ್ರಕ್ಕೆ ಎಂಜಿನ್ ಎಷ್ಟೇ ಶಕ್ತಿ ಕೊಟ್ಟರೂ ಅದು ಗಾಳಿಯಲ್ಲಿ ಗಿರಗಿರನೆ ಸುತ್ತುತ್ತದೆ, ಅಷ್ಟೇ.

ಹೊಲದ ಗಾಡಿ, ರಸ್ತೆಯ ಕಾರು

ರೋವರ್ ಕಂಪೆನಿ 1948ರಲ್ಲಿ ಆಮ್‌ಸ್ಟರ್‌ಡಾಮ್ ಮೋಟಾರು ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಎಂಬ ಗಾಡಿಯನ್ನು ಜನರ ಮುಂದಿಟ್ಟಿತು. ಯುದ್ಧ ಮುಗಿದ ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಶನ್ ಇತ್ತು. ಹಾಗಾಗಿ ಅದರ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದರು. ಹೊಲ, ಕೆಸರು, ಗುಡ್ಡಗಳಲ್ಲಿ ಅದು ಗಟ್ಟಿಗ. ಆದರೆ ಒಳಗೆ ಕೂತವರ ಬೆನ್ನುಮೂಳೆಯ ಗತಿ ದೇವರಿಗೇ ಪ್ರೀತಿ. ಅದೇ ಕಂಪೆನಿಯ ಕಾರುಗಳು ರಸ್ತೆಯಲ್ಲಿ ನಯವಾಗಿ ಓಡುತ್ತಿದ್ದವು, ಕೆಸರಿಗೆ ಇಳಿದರೆ ಹೂತು ಹೋಗುತ್ತಿದ್ದವು.

ಈ ಎರಡನ್ನೂ ಒಂದೇ ಗಾಡಿಯಲ್ಲಿ ತರಲು 1960ರ ದಶಕದ ನಡುವಿನಲ್ಲಿ ಸ್ಪೆನ್ ಕಿಂಗ್, ಗೋರ್ಡನ್ ಬ್ಯಾಶ್‌ಫರ್ಡ್ ಎಂಬ ಎಂಜಿನಿಯರುಗಳು ಹೊರಟರು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 100 ಇಂಚು ಇದ್ದುದರಿಂದ ಯೋಜನೆಗೆ ಆ ಸಂಖ್ಯೆಯೇ ಹೆಸರಾಯಿತು. ಹೊರರೂಪಕ್ಕೆ ಕೊನೆಯ ತಿದ್ದುಪಡಿ ಕೊಟ್ಟವರು ಡೇವಿಡ್ ಬಾಷ್. ಪರೀಕ್ಷೆಯ ಗಾಡಿಗಳು ಯಾರಿಗೂ ಗುರುತು ಸಿಗಬಾರದೆಂದು ಅವುಗಳ ಮೇಲೆ 'ವೆಲಾರ್' ಎಂಬ ಬೇರೆ ಹೆಸರು ಹಚ್ಚಿ ಓಡಿಸಿದರು. ಸಹಾರಾ ಮರುಭೂಮಿಗೂ ಒಯ್ದು ಪರೀಕ್ಷಿಸಿದರು.

ಮೆದು ಸ್ಪ್ರಿಂಗ್‌ನ ಲೆಕ್ಕ

ಆ ಕಾಲದ ಜೀಪು ಜಾತಿಯ ಗಾಡಿಗಳಿಗೆ ಬಿರುಸಾದ ಲೀಫ್ ಸ್ಪ್ರಿಂಗ್ ಇರುತ್ತಿತ್ತು. ಒರಟು ದಾರಿಗೆ ಬಿರುಸಾದ ಸ್ಪ್ರಿಂಗೇ ಬೇಕು ಎಂಬುದು ಸಾಮಾನ್ಯ ನಂಬಿಕೆ. ರೇಂಜ್ ರೋವರ್ ಇದನ್ನು ತಲೆಕೆಳಗು ಮಾಡಿತು: ಉದ್ದವಾದ, ಮೆದುವಾದ ಕಾಯಿಲ್ ಸ್ಪ್ರಿಂಗ್ ಹಾಕಿದರು. ಯಾಕೆ? ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡೋಣ. ಅಂಕಿಗಳು ಕೇವಲ ಲೆಕ್ಕಕ್ಕೆ ಹಿಡಿದವು.

ಒಂದು ಚಕ್ರದ ಮೇಲೆ 5000 ನ್ಯೂಟನ್ ಭಾರ ಇದೆ ಎನ್ನಿ. ಬಿರುಸಾದ ಸ್ಪ್ರಿಂಗ್ ಈ ಭಾರಕ್ಕೆ 10 ಸೆಂಟಿಮೀಟರ್ ಕುಗ್ಗುತ್ತದೆ. ಅಂದರೆ ಸೆಂಟಿಮೀಟರಿಗೆ 500 ನ್ಯೂಟನ್. ಮೆದು ಸ್ಪ್ರಿಂಗ್ ಅದೇ ಭಾರಕ್ಕೆ 25 ಸೆಂಟಿಮೀಟರ್ ಕುಗ್ಗುತ್ತದೆ. ಅಂದರೆ ಸೆಂಟಿಮೀಟರಿಗೆ 200 ನ್ಯೂಟನ್.

ಈಗ ಚಕ್ರವು 10 ಸೆಂಟಿಮೀಟರ್ ಆಳದ ಗುಂಡಿಯ ಮೇಲೆ ಬಂತು, ಗಾಡಿಯ ಮೈ ಇದ್ದ ಎತ್ತರದಲ್ಲೇ ಇದೆ ಎಂದಿಟ್ಟುಕೊಳ್ಳಿ. ಬಿರುಸು ಸ್ಪ್ರಿಂಗ್ 10 ಸೆಂಟಿಮೀಟರ್ ಹಿಗ್ಗಿ ಪೂರ್ತಿ ಸಡಿಲವಾಯಿತು. ಅದು ಚಕ್ರವನ್ನು ನೆಲಕ್ಕೆ ಒತ್ತುವ ಬಲ ಸೊನ್ನೆ. ಮೆದು ಸ್ಪ್ರಿಂಗ್ ಕಳೆದುಕೊಂಡದ್ದು 2000 ನ್ಯೂಟನ್ ಮಾತ್ರ. ಇನ್ನೂ 3000 ನ್ಯೂಟನ್ ಬಲದಿಂದ ಚಕ್ರವನ್ನು ಗುಂಡಿಯ ತಳಕ್ಕೆ ಒತ್ತುತ್ತಿದೆ. ಹಿಡಿತ ಉಳಿಯಿತು! ಜೊತೆಗೆ ಒಳಗೆ ಕೂತವರಿಗೆ ಕುಲುಕಾಟವೂ ಕಡಿಮೆ. ಸುಖ ಬೇರೆ, ಹಿಡಿತ ಬೇರೆ ಅಂತ ಅಂದುಕೊಂಡಿದ್ದೆವಲ್ಲ, ಇಲ್ಲಿ ಎರಡಕ್ಕೂ ಒಂದೇ ಸ್ಪ್ರಿಂಗ್ ಸಾಕಾಯಿತು. ಈ ಗಾಡಿಯ ಹೃದಯ ಇರುವುದೇ ಇಲ್ಲಿ.

ಹಾಗಾದರೆ ಜನ, ಸಾಮಾನು ತುಂಬಿದಾಗ ಮೆದು ಸ್ಪ್ರಿಂಗ್ ಕುಸಿದು ಹಿಂಭಾಗ ನೆಲಕ್ಕೆ ತಾಗುವುದಿಲ್ಲವೇ? ತಾಗುತ್ತದೆ. ಅದಕ್ಕೆ ಹಿಂದಿನ ಆಕ್ಸಲ್‌ನ ನಡುವೆ ಎಣ್ಣೆ ತುಂಬಿದ ಒಂದು ಘಟಕ ಇಟ್ಟರು. ಗಾಡಿ ಓಡುವಾಗ ಆಗುವ ಏರಿಳಿತವೇ ಅದರೊಳಗಿನ ಪಂಪನ್ನು ನಡೆಸುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕುಸಿದ ಹಿಂಭಾಗ ತಾನಾಗಿ ಮಟ್ಟಕ್ಕೆ ಬರುತ್ತದೆ. ಎಂಜಿನಿನಿಂದ ಶಕ್ತಿ ಬೇಡ, ವಿದ್ಯುತ್ತೂ ಬೇಡ. ವ್ಯರ್ಥವಾಗುವ ಕುಲುಕಾಟದಿಂದಲೇ ಕೆಲಸ ತೆಗೆಯುವ ಈ ಜಾಣತನ ಶಕ್ತಿ ರೂಪಾಂತರದ ಪಾಠಕ್ಕೆ ಚೆನ್ನಾಗಿ ಹೊಂದುತ್ತದೆ.

ಕವಾಯತಿನ ತಿರುವು

ಇನ್ನು ಮಕ್ಕಳ ಪ್ರಶ್ನೆಗೆ ಬರೋಣ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಎರಡೇ ಚಕ್ರಗಳನ್ನು. ಉಳಿದೆರಡು ಸುಮ್ಮನೆ ಜೊತೆಯಲ್ಲಿ ಉರುಳುತ್ತವೆ. ನಾಲ್ಕಕ್ಕೂ ಶಕ್ತಿ ಕೊಡುವುದೇ ಫೋರ್ ವೀಲ್ ಡ್ರೈವ್. ಆದರೆ ಅದರಲ್ಲೊಂದು ತೊಡಕಿದೆ.

ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ಸಾಲು ತಿರುಗುವುದನ್ನು ಗಮನಿಸಿದ್ದೀರಲ್ಲ? ಒಳಗಿನ ಹುಡುಗ ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರಗಿನವನು ಉದ್ದುದ್ದ ಹೆಜ್ಜೆ ಇಟ್ಟು ಓಡಬೇಕು. ಗಾಡಿಯ ಚಕ್ರಗಳೂ ಹೀಗೇ. ಎಡಬಲದ ಚಕ್ರಗಳ ನಡುವೆ ಒಂದೂವರೆ ಮೀಟರ್ ಇದ್ದರೆ, ಒಂದು ಪೂರ್ತಿ ಸುತ್ತಿನಲ್ಲಿ ಹೊರಗಿನ ಚಕ್ರ ಸುಮಾರು 9.4 ಮೀಟರ್ ಹೆಚ್ಚು ಓಡುತ್ತದೆ. ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತಲೂ ಹೆಚ್ಚು ದೂರ ಓಡುತ್ತವೆ. ಹಳೆಯ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರಲಿಲ್ಲ. ಆದ್ದರಿಂದ ಟಾರು ರಸ್ತೆಗೆ ಬಂದ ಕೂಡಲೇ ಚಾಲಕ ಲಿವರ್ ಎಳೆದು ಮುಂದಿನ ಚಕ್ರಗಳ ಸಂಪರ್ಕ ತಪ್ಪಿಸಬೇಕಿತ್ತು. ರೇಂಜ್ ರೋವರ್‌ನಲ್ಲಿ ನಡುವೆ ಮೂರನೆಯ ಡಿಫರೆನ್ಷಿಯಲ್ ಇಟ್ಟು, ನಾಲ್ಕೂ ಚಕ್ರಗಳಿಗೆ ಯಾವಾಗಲೂ ಶಕ್ತಿ ಹೋಗುವಂತೆ ಮಾಡಿದರು.

ಇದಕ್ಕೊಂದು ಒಳಗಿನ ಕಾರಣವೂ ಇತ್ತು. 1965ರಲ್ಲಿ ರೋವರ್ ಕಂಪೆನಿ ಅಮೆರಿಕದ ಜನರಲ್ ಮೋಟಾರ್ಸ್‌ನಿಂದ ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನೊಂದರ ಹಕ್ಕು ಕೊಂಡಿತ್ತು. ಅಲ್ಯೂಮಿನಿಯಂ ಸಾಂದ್ರತೆ ಕಬ್ಬಿಣದ ಸುಮಾರು ಮೂರನೆಯ ಒಂದು ಭಾಗ. ಹಾಗಾಗಿ 3528 ಸಿಸಿ ಗಾತ್ರವಿದ್ದರೂ ಎಂಜಿನ್ ಹಗುರ. ಆದರೆ ಅದರ ಟಾರ್ಕನ್ನೆಲ್ಲ ಹಿಂದಿನ ಆಕ್ಸಲ್ ಒಂದಕ್ಕೇ ಕೊಟ್ಟರೆ ಆ ಆಕ್ಸಲ್ ದಪ್ಪವಾಗಿ, ಭಾರವಾಗಿ ಇರಬೇಕು. ಭಾರವಾದ ಆಕ್ಸಲ್ ಗುಂಡಿಯಿಂದ ಪುಟಿದರೆ ಅದನ್ನು ಮತ್ತೆ ನೆಲಕ್ಕೆ ಒತ್ತುವುದು ಮೆದು ಸ್ಪ್ರಿಂಗಿಗೆ ಕಷ್ಟ. ಟಾರ್ಕನ್ನು ಎರಡು ಆಕ್ಸಲ್‌ಗಳಿಗೆ ಹಂಚಿದರೆ ಎರಡೂ ಹಗುರವಾಗಿರಬಹುದು. ನೋಡಿ, ಎಂಜಿನ್, ಆಕ್ಸಲ್, ಸ್ಪ್ರಿಂಗ್ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ!

ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ಅದು ಎರಡೂ ಕಡೆಗೆ ಸಮನಾದ ಟಾರ್ಕ್ ಕೊಡುತ್ತದೆ. ಒಂದು ಕಡೆ ಕೆಸರಿನಲ್ಲಿ ಜಾರಿದರೆ ಅಲ್ಲಿ ತಡೆಯೇ ಇಲ್ಲ, ಆದ್ದರಿಂದ ಇನ್ನೊಂದು ಕಡೆಗೂ ಅಷ್ಟೇ ಅಲ್ಪ ಟಾರ್ಕ್. ಅದಕ್ಕಾಗಿ ನಡುವಿನ ಡಿಫರೆನ್ಷಿಯಲ್‌ಗೆ ಚಾಲಕ ಬೇಕೆಂದಾಗ ಹಾಕಬಹುದಾದ ಬೀಗ ಇಟ್ಟರು. ಬೀಗ ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಟ್ಟಿಗೇ ತಿರುಗಬೇಕು. ಮುಂದಿನವು ಜಾರಿದರೂ ಹಿಂದಿನವು ಗಾಡಿಯನ್ನು ತಳ್ಳುತ್ತವೆ.

ಕಾಡಿನಲ್ಲಿ ಒಡೆದದ್ದು

1971ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನೆಯ ತಂಡವೊಂದು ಮೇಜರ್ ಜಾನ್ ಬ್ಲ್ಯಾಶ್‌ಫರ್ಡ್-ಸ್ನೆಲ್ ನಾಯಕತ್ವದಲ್ಲಿ ಎರಡು ರೇಂಜ್ ರೋವರ್‌ಗಳೊಂದಿಗೆ ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುದಿಗೆ ಹೊರಟಿತು. ಪನಾಮ, ಕೊಲಂಬಿಯಗಳ ನಡುವಿನ ಡೇರಿಯನ್ ಕಾಡಿನಲ್ಲಿ ರಸ್ತೆಯೇ ಇಲ್ಲ, ಬರೀ ಜೌಗು ಮತ್ತು ನದಿಗಳು. ಅಷ್ಟನ್ನು ದಾಟಲು ಸುಮಾರು 100 ದಿನ ಬೇಕಾಯಿತು. ಜೌಗಿಗೆಂದು ಹಾಕಿದ್ದ ಭಾರೀ ಗಾತ್ರದ ಟೈರುಗಳಿಂದ ಡಿಫರೆನ್ಷಿಯಲ್‌ಗಳ ಮೇಲೆ ಹೊರೆ ಬಿದ್ದು ಅವು ಒಡೆದವು.

ಯಾಕೆ ಹೀಗಾಯಿತು? ಟಾರ್ಕ್ ಎಂದರೆ ಬಲ ಮತ್ತು ತ್ರಿಜ್ಯದ ಗುಣಲಬ್ಧ. ನೆಲವನ್ನು ಅಷ್ಟೇ ಬಲದಿಂದ ತಳ್ಳಬೇಕಾದರೆ ಚಕ್ರದ ತ್ರಿಜ್ಯ ಹೆಚ್ಚಿದಷ್ಟೂ ಆಕ್ಸಲ್ ಹೊರಬೇಕಾದ ಟಾರ್ಕ್ ಹೆಚ್ಚುತ್ತದೆ. ದೊಡ್ಡ ಟೈರು ಹಾಕಿದರೆ ಒಳ್ಳೆಯದೇ ಅಲ್ವಾ ಎಂದು ಕೇಳುವ ಮಕ್ಕಳಿಗೆ ಹೇಳಲು ಇದಕ್ಕಿಂತ ಉತ್ತಮ ಉತ್ತರ ಬೇಕಿಲ್ಲ.

ಐಷಾರಾಮ ಬಂದದ್ದು ಆಮೇಲೆ

ಮೊದಲ ರೇಂಜ್ ರೋವರ್‌ಗೆ ಬಾಗಿಲು ಪಕ್ಕಕ್ಕೆ ಎರಡೇ. ಒಳಗೆ ಪೈಪು ಹಿಡಿದು ನೀರು ಬಿಟ್ಟು ತೊಳೆಯಬಹುದಾದಂಥ ನೆಲ. ಹೊಲದಿಂದ ಬಂದ ರೈತನ ಬೂಟಿನ ಕೆಸರಿಗೆ ತಕ್ಕ ಏರ್ಪಾಡು. ನಾಲ್ಕು ಬಾಗಿಲು ಬಂದದ್ದು 1981ರಲ್ಲಿ. ಚರ್ಮದ ಸೀಟು, ಮರದ ಅಲಂಕಾರಗಳೆಲ್ಲ ಆ ದಶಕದಲ್ಲಿ ಒಂದೊಂದಾಗಿ ಸೇರಿದವು.

ಎಂಜಿನಿಯರಿಂಗ್ ಮಾತ್ರ ಅದೇ ಪ್ರಶ್ನೆಯನ್ನು ಬೆನ್ನಟ್ಟುತ್ತಲೇ ಇತ್ತು. 1992ರಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಸ್ಪ್ರಿಂಗ್ ಬಂತು. ಗಾಳಿ ತುಂಬಿ, ಬಿಟ್ಟು ಗಾಡಿಯ ಎತ್ತರ ಬದಲಿಸಬಹುದಾಯಿತು. 2001ರ ಮಾದರಿಯಲ್ಲಿ ಪ್ರತಿ ಚಕ್ರಕ್ಕೂ ಬೇರೆಯದೇ ಸಸ್ಪೆನ್ಶನ್. ಆದರೆ ಒರಟು ನೆಲದಲ್ಲಿ ಎಡಬಲದ ಗಾಳಿ ಸ್ಪ್ರಿಂಗ್‌ಗಳ ನಡುವೆ ಸಂಪರ್ಕ ತೆರೆದುಕೊಳ್ಳುತ್ತದೆ. ಒಂದು ಚಕ್ರ ಮೇಲೆದ್ದಾಗ ಇನ್ನೊಂದು ಕೆಳಗಿಳಿಯಲು ಅನುಕೂಲ. ಮತ್ತೆ ಅದೇ ನಾಲ್ಕು ಕಾಲಿನ ಬೆಂಚಿನ ಸಮಸ್ಯೆ! 2008ರಲ್ಲಿ ಕಂಪೆನಿ ನಮ್ಮ ಟಾಟಾ ಮೋಟಾರ್ಸ್ ಕೈಗೆ ಬಂತು. 2012ರ ಮಾದರಿಯ ಇಡೀ ಮೈಕಟ್ಟು ಅಲ್ಯೂಮಿನಿಯಂನದಾಯಿತು.

ಮಕ್ಕಳಿಗೆ ಹೇಳಲೇಬೇಕಾದ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಪಾಯವಿದೆ. ಫೋರ್ ವೀಲ್ ಡ್ರೈವ್ ಇದ್ದರೆ ಮಳೆಯಲ್ಲೂ ಭಯವಿಲ್ಲ ಎಂದು ಮಕ್ಕಳು ತಿಳಿದುಕೊಂಡಾರು. ಅದು ತಪ್ಪು. ನಾಳೆ ಸ್ಟೇರಿಂಗ್ ಹಿಡಿಯುವವರು ಅವರೇ ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು.

ನಾಲ್ಕು ಚಕ್ರಕ್ಕೆ ಶಕ್ತಿ ಕೊಡುವುದು ಗಾಡಿ ಹೊರಡಲು, ಏರು ಹತ್ತಲು ಸಹಾಯ. ಬ್ರೇಕಿನ ವಿಷಯ ಬೇರೆ. ಸಾಧಾರಣ ಕಾರಿನಲ್ಲೂ ಬ್ರೇಕ್ ಹಿಡಿಯುವುದು ನಾಲ್ಕೂ ಚಕ್ರಗಳನ್ನೇ. ಗಾಡಿ ನಿಲ್ಲಲು ಬೇಕಾದ ದೂರ ಬೇಕಿದ್ದರೆ ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಒಣ ರಸ್ತೆಯ ಘರ್ಷಣಾಂಕ 0.7 ಎಂದು ಹಿಡಿದರೆ ಸುಮಾರು 20 ಮೀಟರ್. ಒದ್ದೆ ರಸ್ತೆಗೆ 0.4 ಎಂದು ಹಿಡಿದರೆ ಸುಮಾರು 35 ಮೀಟರ್. ಈ ಸೂತ್ರದಲ್ಲಿ ಗಾಡಿಯ ದ್ರವ್ಯರಾಶಿಯೂ ಇಲ್ಲ, ಬೆಲೆಯೂ ಇಲ್ಲ. ಎಷ್ಟು ಚಕ್ರಕ್ಕೆ ಎಂಜಿನಿನ ಶಕ್ತಿ ಹೋಗುತ್ತದೆ ಎಂಬುದೂ ಇಲ್ಲ.

ಡಿಕ್ಕಿಯಾದಾಗ ಮಾತ್ರ ದ್ರವ್ಯರಾಶಿ ಲೆಕ್ಕಕ್ಕೆ ಬರುತ್ತದೆ. ಒಂದೇ ವೇಗದಲ್ಲಿ 2500 ಕಿಲೋಗ್ರಾಮಿನ ಗಾಡಿಯ ಚಲನಶಕ್ತಿ 1000 ಕಿಲೋಗ್ರಾಮಿನ ಕಾರಿನ ಎರಡೂವರೆ ಪಟ್ಟು. ಎದುರಿಗಿದ್ದವರ ಪಾಡು ಊಹಿಸಿ. ಎತ್ತರದ ಗಾಡಿಯ ಗುರುತ್ವ ಕೇಂದ್ರವೂ ಮೇಲಿರುವುದರಿಂದ ವೇಗದ ತಿರುವಿನಲ್ಲಿ ಮಗುಚುವ ಸಂಭವವೂ ಹೆಚ್ಚು.

ಇದನ್ನು ಸ್ವತಃ ಸ್ಪೆನ್ ಕಿಂಗ್ ಅವರೇ ಕಂಡಿದ್ದರು. ಮಕ್ಕಳನ್ನು ಶಾಲೆಗೆ ಬಿಡಲು ನಗರದೊಳಗೆ ಇಂಥ ದೊಡ್ಡ ಗಾಡಿ ಓಡಿಸುವವರನ್ನು 2004ರಲ್ಲಿ ಅವರು ಕಟುವಾಗಿ ಟೀಕಿಸಿದರು. ಅಂತಸ್ತು ತೋರಿಸಲಿಕ್ಕೆಂದು ಅವರು ಅದನ್ನು ಮಾಡಿರಲಿಲ್ಲ.

ಶಾಸ್ತ್ರೋತ್ಸವಕ್ಕೆ ಒಂದು ವರ್ಕಿಂಗ್ ಮಾಡೆಲ್

ಒಂದೇ ತೂಕದ ಎರಡು ಹಲಗೆ ತೆಗೆದುಕೊಳ್ಳಿ. ಒಂದಕ್ಕೆ ನಾಲ್ಕು ಮೂಲೆಯಲ್ಲಿ ಮರದ ಗುಬ್ಬಿ ಅಂಟಿಸಿ, ಇನ್ನೊಂದಕ್ಕೆ ಅಷ್ಟೇ ಎತ್ತರದ ಮೆದು ಸ್ಪಂಜು. ಎರಡರ ಮೇಲೂ ಒಂದೊಂದು ಇಟ್ಟಿಗೆ ಇಡಿ. ಒಂದು ಮೂಲೆಯ ಕೆಳಗೆ ತೆಳು ಪುಸ್ತಕ ಸೇರಿಸಿ, ಉಳಿದ ಮೂಲೆಗಳ ಅಡಿಯ ಕಾಗದದ ಪಟ್ಟಿಗಳನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಪ್ರತಿ ಮೂಲೆಯ ಅಂಕಿ ಬರೆದು ಹೋಲಿಸಲು ಮಕ್ಕಳಿಗೆ ಹೇಳಿ. ಮೆದುವಾದದ್ದು ಹೆಚ್ಚು ಹಿಡಿಯುತ್ತದೆ ಎಂಬುದನ್ನು ಅವರ ಕೈಯೇ ಅವರಿಗೆ ತಿಳಿಸಲಿ. ಕಾರಣವನ್ನು ನೀವು ಮೊದಲೇ ಹೇಳಬೇಡಿ.