ದೌರ್ಜನ್ಯಕ್ಕೊಳಗಾದವರಿಗೆ ಸ್ವಯಂಸೇವಕರ ನೆರವು

ಅಸ್ಪೃಶ್ಯರೆನಿಸಿದ್ದ ಜನರಿಗಾಗಿ ಮಹಾತ್ಮ ಜ್ಯೋತಿಬಾ ಫುಲೆಯವರು 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ತೆರೆದುದು ಪುಣೆ ನಗರದಲ್ಲಿ. ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಅನೇಕರು ಕೂಲಿಗಾಗಿ ಅಲ್ಲಿಗೆ ಹೋಗುತ್ತಾರೆ. ಜಾತಿದ್ವೇಷದ ಹಲ್ಲೆ, ನಿಂದನೆಗಳಿಗೆ ಗುರಿಯಾದವರು ಪೊಲೀಸ್ ಠಾಣೆಗೆ ಹೋಗಲು ಅಂಜುವುದುಂಟು. ಮರಾಠಿ ಬಾರದ ಕನ್ನಡಿಗರಿಗೆ ಈ ಅಂಜಿಕೆ ಇಮ್ಮಡಿಯಾಗುತ್ತದೆ. ಆಗ ಎರಡೂ ಭಾಷೆ ಬಲ್ಲ ಸ್ವಯಂಸೇವಕರ ನೆರವು ಅಮೂಲ್ಯವಾದುದು.

ಈ ನೆರವು ಕೇವಲ ದಯೆಯಲ್ಲ, ಹಕ್ಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಅಧಿನಿಯಮ, 1989ಕ್ಕೆ 2015ರ ತಿದ್ದುಪಡಿಯಿಂದ ಸೇರಿದ 15ಎ ಪ್ರಕರಣದ ಮೇರೆಗೆ, ನೊಂದವರು ಸ್ವಯಂಸೇವಾ ಸಂಸ್ಥೆ, ಸಮಾಜ ಕಾರ್ಯಕರ್ತರು ಅಥವಾ ವಕೀಲರ ಸಹಾಯ ಪಡೆಯಬಹುದು. ತವರು ರಾಜ್ಯದಲ್ಲಿ ಪರಿಶಿಷ್ಟರಾದವರಿಗೆ ಬೇರೆ ರಾಜ್ಯದಲ್ಲಿಯೂ ಈ ಅಧಿನಿಯಮದ ರಕ್ಷಣೆ ಉಂಟೆಂದು ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠವು 2023ರಲ್ಲಿ ತೀರ್ಪು ನೀಡಿದೆ.

ಬಾಯಿಮಾತಿನ ದೂರನ್ನು ಬರೆದುಕೊಂಡ ಠಾಣಾಧಿಕಾರಿಯು ಸಹಿ ಪಡೆಯುವ ಮುನ್ನ ಅದನ್ನು ಓದಿ ಹೇಳಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಕೂಡಲೇ ಕೊಡಬೇಕು. ಓದಿದ್ದನ್ನು ಕನ್ನಡದಲ್ಲಿ ತಿಳಿಯಪಡಿಸುವುದು, ಗಾಯಗೊಂಡವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಪರಿಹಾರಧನ ಮತ್ತು ಪ್ರಯಾಣ ಭತ್ಯೆ ದೊರೆಯುವಂತೆ ನೋಡಿಕೊಳ್ಳುವುದು, ವಿಚಾರಣೆಯ ದಿನಗಳಲ್ಲಿ ಜೊತೆಗಿರುವುದು ಸ್ವಯಂಸೇವಕರು ಮಾಡಬಹುದಾದ ಕೆಲಸಗಳು.

ಆದರೆ ನೊಂದವರ ಬದಲಿಗೆ ತಾವೇ ಹೇಳಿಕೆ ಕೊಡಬಾರದು. ನಡೆದುದಕ್ಕೆ ಬಣ್ಣ ಕಟ್ಟಬಾರದು. ಅವರ ಹೆಸರು, ವಿಳಾಸಗಳನ್ನು ಹೊರಗೆಡಹಬಾರದು. ಮುಂದಿನ ಹೆಜ್ಜೆಯ ನಿರ್ಧಾರ ನೊಂದವರದೇ. 2021ರಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿ 14566ಕ್ಕೆ ಹಗಲಿರುಳು ಕರೆ ಮಾಡಬಹುದು.