ಉರುಳುವ ಗಾಲಿ, ಜಾರುವ ಗಾಲಿ

ಓಡುತ್ತಿರುವ ಕಾರನ್ನು ನಿಲ್ಲಿಸುವುದು ಯಾವುದು? ಬ್ರೇಕು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಬ್ರೇಕು ತಡೆಯುವುದು ಗಾಲಿಯ ತಿರುಗುವಿಕೆಯನ್ನು ಮಾತ್ರ. ಕಾರನ್ನು ತಡೆಯುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಪ್ರತಿಯೊಂದು ಟೈರೂ ನೆಲವನ್ನು ಮುಟ್ಟಿರುವುದು ಸುಮಾರು ಅಂಗೈಯಗಲ. ಅಷ್ಟರಲ್ಲಿಯೇ ಕಾರಿನೊಳಗಿನವರ ಹಣೆಬರಹವೆಲ್ಲ ಅಡಗಿದೆ.

ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದ ಕಾರೊಂದನ್ನು ತೆಗೆದುಕೊಳ್ಳೋಣ. ಒಣಗಿದ ಡಾಂಬರು ರಸ್ತೆಯಲ್ಲಿ ಘರ್ಷಣಾ ಗುಣಾಂಕ ಸುಮಾರು 0.8 ಇದ್ದರೆ, ಬ್ರೇಕು ಹಿಡಿದ ಮೇಲೆ ಅದು 25 ಮೀಟರಿಗಿಂತ ತುಸು ಹೆಚ್ಚು ದೂರ ಹೋಗಿ ನಿಲ್ಲುವುದು. ಮಳೆ ಬಂದು ಗುಣಾಂಕ 0.4ಕ್ಕೆ ಇಳಿದರೆ ದೂರವು 51 ಮೀಟರ್. ಈ ಲೆಕ್ಕದಲ್ಲಿ ಕಾರಿನ ತೂಕ ಬರುವುದೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು.

ಉರುಳುವ ಗಾಲಿಯಲ್ಲಿ ಒಂದು ಸೋಜಿಗವಿದೆ. ಕಾರು ಎಷ್ಟೇ ವೇಗದಲ್ಲಿರಲಿ, ನೆಲವನ್ನು ಮುಟ್ಟಿರುವ ರಬ್ಬರು ಆ ಕ್ಷಣದಲ್ಲಿ, ನಡೆಯುವವನು ಊರಿದ ಪಾದದಂತೆ, ನೆಲದ ಮೇಲೆ ನಿಶ್ಚಲವಾಗಿರುತ್ತದೆ. ಬ್ರೇಕನ್ನು ಬಲವಾಗಿ ತುಳಿದು ಗಾಲಿ ತಿರುಗದಂತೆ ಕಚ್ಚಿಕೊಂಡರೆ ಟೈರು ಜಾರತೊಡಗುವುದು, ಹಿಡಿತವೂ ತಗ್ಗುವುದು. ಗಾಲಿಯ ಅಂಚಿನ ವೇಗ ಕಾರಿನ ವೇಗಕ್ಕಿಂತ ನೂರಕ್ಕೆ 10ರಿಂದ 20ರಷ್ಟು ಹಿಂದೆ ಬಿದ್ದಿರುವಾಗ ಹಿಡಿತವು ಅತ್ಯಧಿಕ.

ದೂರ ಹೆಚ್ಚುವುದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಜಾರುವ ಟೈರಿನ ಮೇಲೆ ಘರ್ಷಣೆಯು ಜಾರುವ ದಿಕ್ಕಿಗೆ ನೇರ ವಿರುದ್ಧವಾಗಿ ವರ್ತಿಸುತ್ತದೆ. ಗಾಲಿ ಯಾವ ಕಡೆಗೆ ಮುಖಮಾಡಿದೆಯೆಂಬುದನ್ನು ಅದು ಲೆಕ್ಕಿಸುವುದಿಲ್ಲ. ಮಗುವೊಂದು ರಸ್ತೆಗೆ ಅಡ್ಡ ಬಂದಿತೆನ್ನಿ. ಚಾಲಕನು ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಮುಂದೆ ಜಾರುವುದು!

ಎ.ಬಿ.ಎಸ್. ಎಂಬ ಏರ್ಪಾಡು ತಪ್ಪಿಸುವುದು ಇದನ್ನೇ. ಗಾಲಿಯ ವೇಗವನ್ನು ಸಂವೇದಕವೊಂದು ಅಳೆಯುತ್ತಿರುತ್ತದೆ. ವೇಗ ಹಠಾತ್ತನೆ ಕುಸಿದರೆ ಕವಾಟ ತೆರೆದು ಬ್ರೇಕಿನ ದ್ರವದ ಒತ್ತಡ ಇಳಿಯುವುದು, ಗಾಲಿ ಮತ್ತೆ ಉರುಳಿದೊಡನೆ ಏರುವುದು. ಸೆಕೆಂಡಿಗೆ ಹಲವು ಸಲ ಹೀಗಾಗುವುದರಿಂದ ಪೆಡಲು ಪಾದದಡಿ ಮಿಡಿಯುತ್ತದೆ. ಏನೋ ಕೆಟ್ಟಿತೆಂದು ಬೆದರಿ ಕಾಲನ್ನು ಎತ್ತಿದರೆ ಇದ್ದ ಬ್ರೇಕೂ ಹೋಯಿತು. ಇಂಥ ಏರ್ಪಾಡು ಮೊದಲು ಬಳಕೆಗೆ ಬಂದದ್ದು ವಿಮಾನಗಳಲ್ಲಿ. ಬಾಷ್ ಸಂಸ್ಥೆಯ ಎಲೆಕ್ಟ್ರಾನಿಕ್ ಎ.ಬಿ.ಎಸ್. 1978ರಲ್ಲಿ ಮರ್ಸಿಡಿಸ್-ಬೆಂಜ್ ಕಾರಿಗೆ ಬಂದಿತು.

ಎಲ್ಲೆಡೆಯೂ ಅದು ನಿಲ್ಲುವ ದೂರವನ್ನು ಕಡಿಮೆಮಾಡುವುದೆಂದು ತಿಳಿಯಬೇಕಾಗಿಲ್ಲ. ಸಡಿಲ ಜಲ್ಲಿಯ ಮೇಲೆ ಕಚ್ಚಿಕೊಂಡ ಗಾಲಿಯು ತನ್ನ ಮುಂದೆ ಜಲ್ಲಿಯನ್ನು ಗುಡ್ಡೆಹಾಕಿ, ಆ ಗುಡ್ಡೆಗೇ ತಡೆದು ನಿಲ್ಲುತ್ತದೆ. ಉರುಳುತ್ತಿರುವ ಗಾಲಿಯಾದರೋ ಅದನ್ನು ಹತ್ತಿ ದಾಟುತ್ತದೆ. ಅಲ್ಲಿ ಎ.ಬಿ.ಎಸ್. ಇರುವ ಕಾರೇ ಹೆಚ್ಚು ದೂರ ಹೋಗಬಹುದು.