ಗಾಜಿನ ಗುಬ್ಬಚ್ಚಿಯ ತೂಕ

ಫ್ರಾನ್ಸಿನ ಹಳೆಯ ಕ್ರಿಸ್ಟಲ್ ಪ್ರಾಣಿಗಳನ್ನು ಕೂಡಿಡಲು ದೊಡ್ಡ ಬಂಗಲೆಯೇ ಬೇಕೆಂದಿಲ್ಲ. ಅಲ್ಲಿನ ಕಾರ್ಖಾನೆಗಳಾದ ಲಾಲಿಕ್‌ನ ಗುಬ್ಬಚ್ಚಿ, ಬಕಾರಾದ ಬೆಕ್ಕು, ದೋಮ್‌ನ ಕುದುರೆ ಡೊಂಬಿವಲಿಯ ಸಣ್ಣ ಫ್ಲ್ಯಾಟಿನ ಶೋಕೇಸಿನಲ್ಲೂ ಹಿಡಿಯುತ್ತವೆ. ತೊಡಕು ಇರುವುದು ಕೊಳ್ಳುವ ಹೊತ್ತಿನಲ್ಲಿ. ಥಾಣೆ, ಕಲ್ಯಾಣ, ನವಿ ಮುಂಬಯಿ ಯಾವ ಕಡೆಯಿಂದ ಲೋಕಲ್ ಹಿಡಿದರೂ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು ಹಳೆಯ ವಸ್ತುಗಳ ಪೇಟೆಯಾದ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ನಡೆದು ಹೋಗಬಹುದು. ಅಲ್ಲಿ ಗಾಜಿನ ಹಕ್ಕಿಯೊಂದು ಕೈಗೆ ಬಂದರೆ ಗಿರಾಕಿ ಮೊದಲು ಮಾಡುವುದು ಅದನ್ನು ಬೋರಲು ಹಾಕಿ ತಳದ ಸಹಿ ಹುಡುಕುವುದು. ನನ್ನ ಪ್ರಕಾರ ಸಹಿಯನ್ನು ಕೊನೆಗೆ ನೋಡಬೇಕು. ಕೊರೆಯುವ ಸೂಜಿ ಇದ್ದವರು ಯಾರು ಬೇಕಾದರೂ ಸಹಿ ಹಾಕಬಲ್ಲರು. ಆದರೆ ಎರಕವಾಗಿ ಗಟ್ಟಿಯಾದ ಗಾಜಿನೊಳಗಿನ ಸೀಸವನ್ನು ಆಮೇಲೆ ಯಾರೂ ಹೆಚ್ಚಿಸಲಾರರು, ತಗ್ಗಿಸಲಾರರು.

ಈ ಸೀಸದ ಕಥೆ ಶುರುವಾಗುವುದು ಲಂಡನ್ನಿನಲ್ಲಿ. 1674ರಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ಹೊಸ ಬಗೆಯ ತಿಳಿಗಾಜಿಗೆ ಪೇಟೆಂಟ್ ಪಡೆದ. ಅವನ ಮೊದಲ ಪಾತ್ರೆಗಳು ಬರಬರುತ್ತ ಮಂಕಾಗಿ, ಮೈತುಂಬ ಕೂದಲೆಳೆಯಂಥ ಬಿರುಕು ಬಿಟ್ಟವು. ಮಿಶ್ರಣಕ್ಕೆ ಸೀಸದ ಆಕ್ಸೈಡನ್ನು ಹೆಚ್ಚಿಸಿದ ಮೇಲೆ ಗಾಜು ನಿಂತಿತು. ಸೀಸದ ಪರಮಾಣು ಭಾರವಾದದ್ದು, ಅದರ ಹೊರ ಇಲೆಕ್ಟ್ರಾನುಗಳು ಬೆಳಕಿನ ಎಳೆತಕ್ಕೆ ಸುಲಭವಾಗಿ ಬಾಗುತ್ತವೆ. ಹಾಗಾಗಿ ಸೀಸದ ಗಾಜಿನಲ್ಲಿ ಬೆಳಕು ಇನ್ನಷ್ಟು ನಿಧಾನವಾಗುತ್ತದೆ, ಹೆಚ್ಚು ಬಾಗುತ್ತದೆ, ಅಂಚುಗಳಲ್ಲಿ ಬಣ್ಣಬಣ್ಣವಾಗಿ ಒಡೆಯುತ್ತದೆ. ಕಿಟಕಿ ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.52, ಯುರೋಪಿನ 1969ರ ನಿಯಮದಂತೆ ಸೀಸದ ಕ್ರಿಸ್ಟಲ್ ಎನ್ನಿಸಿಕೊಳ್ಳಲು ಅದು 1.545ಕ್ಕೆ ಕಡಿಮೆ ಇರಬಾರದು, ಸೀಸದ ಆಕ್ಸೈಡ್ ಕನಿಷ್ಠ ಶೇಕಡ 24 ಇರಬೇಕು, ಸಾಂದ್ರತೆ ಕನಿಷ್ಠ 2.90 ಇರಬೇಕು. ಈ ಕೊನೆಯ ಅಂಕಿಯೇ ಸಂಗ್ರಾಹಕರ ಕೈಗೆ ಸಿಕ್ಕ ಬೀಗದಕೈ, ಏಕೆಂದರೆ ಸಾಂದ್ರತೆಯನ್ನು ಅಡುಗೆಮನೆಯಲ್ಲೇ ಅಳೆಯಬಹುದು.

ಮೊದಲು ಬೊಂಬೆಯನ್ನು ಒಣಗಿದ್ದಾಗ ತೂಗಿ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಪಾತ್ರೆ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಬೊಂಬೆಯನ್ನು ಗಟ್ಟಿ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರೊಳಗೆ ಪೂರ್ತಿ ತೂಗಾಡಿಸಿ. ಮೈಗೆ ಹತ್ತಿದ ಗುಳ್ಳೆಗಳು ಹೋಗಲು ಒಮ್ಮೆ ಮೆಲ್ಲಗೆ ಅಲುಗಿಸಿ. ಆಗ ತಕ್ಕಡಿ ತೋರಿಸುವ ಗ್ರಾಮುಗಳೇ ಬೊಂಬೆಯ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. 310 ಗ್ರಾಮಿನ ಪ್ರಾಣಿ 100 ತೋರಿಸಿದರೆ ಸಾಂದ್ರತೆ 3.1, ಅಂದರೆ ಸೀಸ ತುಂಬಿದ ಕ್ರಿಸ್ಟಲ್. ಅದೇ 310 ಗ್ರಾಮು 124 ತೋರಿಸಿದರೆ 2.5, ಅಂದರೆ ಸಾಮಾನ್ಯ ಸೋಡಾ ಗಾಜು. ಅಕ್ರಿಲಿಕ್ಕಾದರೆ 1.2ರ ಆಸುಪಾಸಿನಲ್ಲೇ ಬಣ್ಣ ಬಯಲಾಗುತ್ತದೆ. ಬೊಂಬೆ ಚಿಕ್ಕದಾದಷ್ಟೂ ತಕ್ಕಡಿ ಸೂಕ್ಷ್ಮವಾಗಿರಬೇಕು. 80 ಗ್ರಾಮಿನ ಹಕ್ಕಿಗೆ ಒಂದು ಗ್ರಾಮು ಆಚೀಚೆಯಾದರೂ ಉತ್ತರ 2.96ರಿಂದ 3.2ರವರೆಗೆ ಓಡಾಡುತ್ತದೆ, ಅಂಥದಕ್ಕೆ ದಶಾಂಶ ತೋರಿಸುವ, ಚಿನ್ನ ತೂಗುವಂಥ ತಕ್ಕಡಿಯೇ ಬೇಕು.

ಸಹಿಯ ಸುಳ್ಳನ್ನು ಈ ತೂಕ ಹಿಡಿಯುವುದು ಲಾಲಿಕ್‌ನ ವಿಷಯದಲ್ಲಿ ತುಂಬ ಚೆನ್ನಾಗಿ. ಕಾರ್ಖಾನೆಯ ಸ್ಥಾಪಕ ರೆನೆ ಲಾಲಿಕ್ 1945ರಲ್ಲಿ ತೀರಿಕೊಂಡ. ಅವನ ಕಾಲದ ಗಾಜಿನ ಮೇಲೆ ‘ಆರ್. ಲಾಲಿಕ್’ ಎಂದಿರುತ್ತಿತ್ತು, ಅನಂತರ ಬಂದವುಗಳಲ್ಲಿ ಆ ಮೊದಲಕ್ಷರ ಇಲ್ಲ. ರೆನೆ ಬಳಸುತ್ತಿದ್ದದ್ದು ಪೂರ್ಣ ಕ್ರಿಸ್ಟಲ್ಲಿನ ಸುಮಾರು ಅರ್ಧದಷ್ಟೇ ಸೀಸ ಇದ್ದ ಅರೆ-ಕ್ರಿಸ್ಟಲ್. ಪೂರ್ಣ ಸೀಸದ ಕ್ರಿಸ್ಟಲ್ಲಿಗೆ ಕಾರ್ಖಾನೆಯನ್ನು ಹೊರಳಿಸಿದವನು ಮಗ ಮಾರ್ಕ್, ಎರಡನೇ ಮಹಾಯುದ್ಧ ಮುಗಿದ ಮೇಲೆ. ಗುಬ್ಬಚ್ಚಿಯಂಥ ಕೆಲವು ಅಚ್ಚುಗಳು ಎರಡು ಕಾಲದಲ್ಲೂ ನಡೆದವು, ಹಾಗಾಗಿ ಆಕಾರ ನೋಡಿ ವರ್ಷ ಹೇಳಲಾಗದು. ರೆನೆ ಕಾಲದವಕ್ಕೆ ಬೆಲೆ ಹೆಚ್ಚಾದ್ದರಿಂದ, ಆಮೇಲಿನ ತುಂಡಿಗೆ ‘ಆರ್.’ ಒಂದನ್ನು ಕೊರೆದು ಸೇರಿಸುವ ಮೋಸ ಹಳೆಯದು. ‘ಆರ್. ಲಾಲಿಕ್’ ಎಂದು ಬರೆದ ಗುಬ್ಬಚ್ಚಿ ನೀರಿನಲ್ಲಿ 3ಕ್ಕೂ ಹೆಚ್ಚು ಸಾಂದ್ರತೆ ತೋರಿಸಿದರೆ ಬರಹಕ್ಕೂ ಗಾಜಿಗೂ ತಾಳೆಯಾಗಲಿಲ್ಲ ಎಂದರ್ಥ. ಆಗ ನಾನು ನಂಬುವುದು ಗಾಜನ್ನು.

ಇದಕ್ಕೆ ನ್ಯಾಯವಾದ ಆಕ್ಷೇಪವೊಂದಿದೆ. ಬೊಹೀಮಿಯಾದ ಸೀಸದ ಕ್ರಿಸ್ಟಲ್ಲೂ ಇಷ್ಟೇ ತೂಗುತ್ತದೆ, ಹಾಗಿರುವಾಗ ಸಾಂದ್ರತೆ ಫ್ರಾನ್ಸನ್ನು ತೋರಿಸೀತು ಹೇಗೆ? ತೋರಿಸುವುದಿಲ್ಲ, ನಿಜ. ಸಾಂದ್ರತೆಯ ಕೆಲಸ ಒಪ್ಪುವುದಲ್ಲ, ತಳ್ಳಿಹಾಕುವುದು. ಅದರಲ್ಲಿ ಉಳಿದುಕೊಂಡ ತುಂಡಿನ ಮೇಲೆ ಮಾತ್ರ ಮುಂದಿನ ಪ್ರಶ್ನೆ ಕೇಳಬೇಕು: ಅಚ್ಚಿನ ಕೂಡುಗೆರೆಯನ್ನು ಉಜ್ಜಿ ಅಳಿಸಿದ್ದಾರೆಯೇ, ಗರಿಯ ಅಂಚು ಚೂಪಾಗಿದೆಯೇ, 1936ರಿಂದ ಬಕಾರಾ ಆಮ್ಲದಲ್ಲಿ ಅಚ್ಚೊತ್ತುತ್ತ ಬಂದ ದುಂಡು ಮುದ್ರೆ ಇದೆಯೇ. ಲಾಲಿಕ್‌ನಲ್ಲಿ ಮಬ್ಬು ಮೈ ಮತ್ತು ಹೊಳಪಿನ ಮೈ ಅಕ್ಕಪಕ್ಕ ಹೇಗೆ ಕೂತಿವೆ ಎಂಬುದನ್ನೂ ನೋಡಬೇಕು. ಮಬ್ಬೆಂದರೆ ಬೆಳಕನ್ನು ಚೆದುರಿಸುವ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು. ಬೆರಳಿನ ಎಣ್ಣೆ ಆ ಕುಳಿಗಳನ್ನು ತುಂಬಿದರೆ ಚೆದುರುವಿಕೆ ತಗ್ಗಿ ಅಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಅದು ಸವೆತವಲ್ಲ, ಉಗುರುಬೆಚ್ಚನೆಯ ಸೋಪು ನೀರಿಗೆ ಹೋಗುತ್ತದೆ.

ಸೀಸ ವಿಷವಲ್ಲವೇ ಎಂಬ ಅಂಜಿಕೆಯೂ ಸಹಜ. ಕ್ರಿಸ್ಟಲ್ ಹೂಜಿಯಲ್ಲಿ ತಿಂಗಳುಗಟ್ಟಲೆ ಇಟ್ಟ ವೈನಿಗೆ ಸೀಸ ಇಳಿಯುತ್ತದೆಂದು 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಅಲ್ಲಿ ಹುಳಿ ದ್ರವವೂ ಇತ್ತು, ದೀರ್ಘ ಕಾಲವೂ ಇತ್ತು. ಒಣ ಶೋಕೇಸಿನ ಬೆಕ್ಕಿಗೆ ಎರಡೂ ಇಲ್ಲ. ಮಕ್ಕಳ ಬಾಯಿಗೆ ಸಿಗದಂತೆ ಇಟ್ಟರೆ ಸಾಕು.

ನಮ್ಮ ಕಡೆ ಹೆಚ್ಚು ಯೋಚಿಸಬೇಕಾದದ್ದು ಮಳೆಗಾಲದ ಬಗ್ಗೆ. ಗಾಜಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆಯನ್ನು ರೇವನ್ಸ್‌ಕ್ರಾಫ್ಟನ ಬಿರುಕು ಬಿಟ್ಟ ಪಾತ್ರೆಗಳೇ ಮುರಿದಿವೆ. ಥಾಣೆ ಖಾಡಿಯ ಸುತ್ತ ಜುಲೈ, ಆಗಸ್ಟಿನಲ್ಲಿ ಗಾಳಿಯ ತೇವ ಶೇಕಡ 80 ದಾಟುವುದು ಮಾಮೂಲು. ಆಗ ಗಾಜಿನ ಮೈಮೇಲೆ ನೀರಿನ ತೆಳು ಪೊರೆ ಕೂತು, ನೀರಿನ ಹೈಡ್ರೋಜನ್ ಅಯಾನುಗಳು ಒಳಗಿಳಿದು ಪೊಟಾಸಿಯಂ, ಸೋಡಿಯಂ ಹೊರಬರುತ್ತವೆ. ಪೊರೆ ಕ್ಷಾರವಾಗಿ, ಸಿಲಿಕಾದ ಜಾಲವನ್ನೇ ಕೊರೆಯತೊಡಗುತ್ತದೆ. ಒಳ್ಳೆಯ ಪಾಕದ ಕ್ರಿಸ್ಟಲ್ ಇದನ್ನು ಬಹುಕಾಲ ತಡೆಯುತ್ತದೆ, ಪಾಕ ಕೆಟ್ಟದ್ದು ಜಿಗುಟಾಗಿ ಬೆವರುತ್ತದೆ. ಹೊಸ ಪ್ಲೈವುಡ್ ಕಪಾಟು ಇದಕ್ಕೆ ಒತ್ತಾಸೆ ಕೊಡುತ್ತದೆ: ಅಂಟಿನ ಫಾರ್ಮಾಲ್ಡಿಹೈಡ್ ಫಾರ್ಮಿಕ್ ಆಮ್ಲವಾಗಿ, ಹೊರಬಂದ ಕ್ಷಾರದೊಂದಿಗೆ ಸೇರಿ ಗಾಜಿನ ಮೇಲೆ ಬಿಳಿ ಲವಣ ಕಟ್ಟುತ್ತದೆ. ಕಬ್ಬಿಣ ಮತ್ತು ಗಾಜಿನ ಕಪಾಟು, ಒಳಗೆ ಸಿಲಿಕಾ ಜೆಲ್ ಚೀಲ, ಜೊತೆಗೆ ಶೇಕಡ ಐವತ್ತರ ಆಸುಪಾಸು ತೋರಿಸುವ ತೇವಮಾಪಕ ಇದ್ದರೆ ಚಿಂತೆಯಿಲ್ಲ. ಡೊಂಬಿವಲಿಯವರಿಗೆ ಇನ್ನೊಂದು ಮಾತು: 2016 ಮತ್ತು 2024ರ ಮೇ ತಿಂಗಳಲ್ಲಿ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಡೆದ ಸ್ಫೋಟಗಳಿಗೆ ದೂರದ ಮನೆಗಳ ಕಿಟಕಿ ಗಾಜುಗಳೂ ಪುಡಿಯಾದವು. ಬೊಂಬೆಗಳನ್ನು ಕಿಟಕಿಯ ಎದುರಿಗೆ ಇಡಬೇಡಿ, ಕೆಳಗಿನ ಹಲಗೆಯಲ್ಲಿಟ್ಟು ಪಾದದಡಿ ಚೂರು ಮೆತ್ತನೆಯ ಮೇಣ ಒತ್ತಿ.